ಮೊದಲು ಪ್ರಾಯಶ್ಚಿತ್ತವೋ, ಮೊದಲು ಕ್ಷಮೆಯೋ

ಈಜಿಪ್ಟ್ ದೇಶದ ಮರಳಿನಲ್ಲಿ ಹದಿನಾರು ಶತಮಾನಗಳ ಕಾಲ ಹುದುಗಿದ್ದು, 1893ರಿಂದೀಚೆಗೆ ಒಂದೊಂದಾಗಿ ವಿದ್ವಾಂಸರ ಕೈಸೇರುತ್ತ ಬಂದ ಪಪೈರಸ್ ಹಾಳೆಗಳಲ್ಲಿ ಒಂದು ವಿಚಿತ್ರ ಜಾತಿಯ ಅರ್ಜಿಗಳುಂಟು. ಇಂಥ ಗ್ರಾಮದ ನಿವಾಸಿಯೂ ಇಂಥವನ ಮಗನೂ ಆದ ತಾನು ಯಾವಾಗಲೂ ದೇವತೆಗಳಿಗೆ ಬಲಿಯನ್ನು ಅರ್ಪಿಸುತ್ತ ಬಂದವನೆಂದೂ, ರಾಜಾಜ್ಞೆಯ ಪ್ರಕಾರ ಈಗಲೂ ಅಧಿಕಾರಿಗಳ ಸಮಕ್ಷಮದಲ್ಲಿ ಮದ್ಯವನ್ನು ಧಾರೆಯೆರೆದು, ಬಲಿಕೊಟ್ಟು, ಬಲಿಯ ಮಾಂಸವನ್ನು ಸವಿದಿರುವೆನೆಂದೂ ಅರ್ಜಿದಾರನು ನಿವೇದಿಸಿಕೊಂಡು, ಇದನ್ನು ಕಣ್ಣಾರೆ ಕಂಡುದಾಗಿ ಅಧಿಕಾರಿಗಳು ರುಜು ಹಾಕಿಕೊಡಬೇಕೆಂದು ಬೇಡುತ್ತಾನೆ. ಕ್ರಿ. ಶ. 250ರ ಈ ಚೀಟಿಗಳು ನಲವತ್ತಕ್ಕೂ ಹೆಚ್ಚು ಉಳಿದು ಬಂದಿವೆ. ಇವುಗಳನ್ನು ಪಡೆದವರೆಲ್ಲರೂ ಕ್ರೈಸ್ತರೆಂದು ಭಾವಿಸತಕ್ಕದ್ದಲ್ಲ; ಮೊಸಳೆಯ ರೂಪದ ದೇವತೆಯೊಂದರ ಪೂಜಾರಿಣಿಯೂ ತಾನು ದೇವಭಕ್ತೆಯೆಂದು ಸರಕಾರಕ್ಕೆ ಚೀಟಿಯ ಮೂಲಕ ರುಜುವಾತುಪಡಿಸಬೇಕಾಗಿ ಬಂದುದು ಆ ಕಾಲದ ಆಡಳಿತದ ಒಂದು ವಿನೋದ. ಆದರೆ ಕ್ರೈಸ್ತನಾದವನು ಇದನ್ನು ಪಡೆದಾಗ ಅವನ ಪ್ರಾಣವೇನೋ ಉಳಿಯಿತು; ಉಳಿದ ಪ್ರಾಣವನ್ನು ಹೊತ್ತುಕೊಂಡು ಮುಂದೆ ಬದುಕುವುದು ಹೇಗೆಂಬ ಪ್ರಶ್ನೆ ಅಂದಿನಿಂದಲೇ ಮೊದಲಾಯಿತು.

249ರಲ್ಲಿ ಪಟ್ಟಕ್ಕೆ ಬಂದ ಚಕ್ರವರ್ತಿ ಡೇಸಿಯುಸನು, ಶಿಥಿಲವಾಗುತ್ತಿದ್ದ ರೋಮನ್ ಸಾಮ್ರಾಜ್ಯವನ್ನು ದೇವತೆಗಳ ಅನುಗ್ರಹದಿಂದ ಭದ್ರಪಡಿಸಬೇಕೆಂಬ ಸಂಕಲ್ಪದಿಂದ, ಪ್ರಜೆಗಳೆಲ್ಲರೂ ಬಲಿಯರ್ಪಿಸತಕ್ಕದ್ದೆಂದು ಶಾಸನ ಹೊರಡಿಸಿದನು. ರೋಮ್ ನಗರದ ಬಿಷಪ್ ಫಾಬಿಯಾನುಸನು 250ರ ಜನವರಿಯಲ್ಲಿಯೇ ಹುತಾತ್ಮನಾದನು. ಆದರೆ ಹುತಾತ್ಮರಾದವರು ಕೆಲವರು, ತಲೆಬಾಗಿದವರು ಅಸಂಖ್ಯರು. ಉತ್ತರ ಆಫ್ರಿಕದ ಕಾರ್ಥೇಜ್ ಪಟ್ಟಣದಲ್ಲಿ ಜನರು ಬಂಧಿತರಾಗುವ ಮೊದಲೇ ತಾವಾಗಿ ಬಲಿಪೀಠದ ಬಳಿಗೆ ಧಾವಿಸಿದರೆಂದೂ, ಸಂಜೆಯಾಯಿತು, ನಾಳೆ ಬನ್ನಿರೆಂದು ಅಧಿಕಾರಿಗಳು ಹೇಳಿದರೆ ಇಂದೇ ಮುಗಿಸಿಕೊಡಿರೆಂದು ಅಂಗಲಾಚಿದವರೂ ಇದ್ದರೆಂದೂ ಅಲ್ಲಿನ ಬಿಷಪ್ ಸಿಪ್ರಿಯಾನುಸನು ನೊಂದು ಬರೆದಿರುವನು. ಹೀಗೆ ಬರೆದವನು ಸ್ವತಃ ಪಟ್ಟಣವನ್ನು ತೊರೆದು ಅಡಗಿದ್ದನೆಂಬುದನ್ನೂ, ಅದಕ್ಕಾಗಿ ರೋಮಿನ ಪಾದ್ರಿಗಳಿಂದ ಮೊನಚಾದ ಮಾತುಗಳನ್ನು ಕೇಳಿಸಿಕೊಂಡನೆಂಬುದನ್ನೂ ನಾವು ಮರೆಯಬಾರದು. ಪತಿತರ ವಿಷಯದಲ್ಲಿ ಅವನು ಮುಂದೆ ಕೈಕೊಂಡ ತೀರ್ಮಾನಗಳಲ್ಲಿ ಕಾಠಿಣ್ಯವೂ ಕಾರುಣ್ಯವೂ ಒಂದನ್ನೊಂದು ಬಿಡದೆ ಹೆಣೆದುಕೊಂಡಿರುವುದಕ್ಕೆ ಈ ಸ್ವಾನುಭವವೂ ಒಂದು ಕಾರಣವಾಗಿರಬಹುದೆಂದು ನನ್ನ ಊಹೆ.

251ರಲ್ಲಿ ಡೇಸಿಯುಸನು ಗಾಥರೊಡನೆ ಕಾದಾಡಿ ಮಡಿದನು, ಹಿಂಸೆ ತಗ್ಗಿತು, ಬಿದ್ದವರು ಒಬ್ಬೊಬ್ಬರಾಗಿ ಹಿಂದಿರುಗಿದರು. ಸಿಪ್ರಿಯಾನುಸನ ಮುಂದೆ ನಿಂತ ಈ ಸಮೂಹದಲ್ಲಿ ಮೂರು ತೆರದವರಿದ್ದರು: ಬಲಿಯನ್ನೇ ಕೊಟ್ಟವರು, ಧೂಪವನ್ನು ಮಾತ್ರ ಹಾಕಿದವರು, ಎರಡನ್ನೂ ಮಾಡದೆ ಹಣ ತೆತ್ತು ಚೀಟಿಯನ್ನು ಕೊಂಡವರು. ಈ ಮೂರನೆಯವರ ವಾದ ಕುತೂಹಲಕರವಾದುದು. ತಮ್ಮ ಕೈಯಾಗಲಿ ನಾಲಗೆಯಾಗಲಿ ಮೈಲಿಗೆಯಾಗಿಲ್ಲ, ಕಾಗದವೊಂದು ಸುಳ್ಳಾಡಿತು, ಅಷ್ಟೆ, ಎಂದು ಅವರೆಂದರು. ಚೀಟಿಯನ್ನು ಕೊಂಡುದೇ ನಿರಾಕರಣೆಯೆಂದು ಬಿಷಪ್ಪನೆಂದನು. ಇದರ ನಡುವೆ ಸೆರೆಮನೆಯಲ್ಲಿ ಚಿತ್ರಹಿಂಸೆಯನ್ನು ಸಹಿಸಿ ಬದುಕುಳಿದ ಧೀರರು, ತಮ್ಮ ಪುಣ್ಯಬಲದಿಂದ ಬಿದ್ದವರನ್ನು ಎತ್ತಬಲ್ಲೆವೆಂದು, ಇಂಥವನನ್ನು ಅವನ ಮನೆಮಂದಿಯ ಸಹಿತ ಸಭೆಯಲ್ಲಿ ಸೇರಿಸಿಕೊಳ್ಳಿರೆಂಬ ಶಿಫಾರಸು ಪತ್ರಗಳನ್ನು ಧಾರಾಳವಾಗಿ ಹಂಚತೊಡಗಿದ್ದರು. ಒಂದು ಚೀಟಿಯಿಂದ ಕಳೆದುಕೊಂಡುದನ್ನು ಮತ್ತೊಂದು ಚೀಟಿಯಿಂದ ಮರಳಿ ಪಡೆಯುವ ಈ ಸುಲಭೋಪಾಯವನ್ನು ಸಿಪ್ರಿಯಾನುಸನು ಒಪ್ಪಲಿಲ್ಲ. ಕಾರ್ಥೇಜಿನಲ್ಲಿ ಕೂಡಿದ ಬಿಷಪ್ಪರ ಪರಿಷತ್ತು, ಚೀಟಿ ಕೊಂಡವರನ್ನು ಒಬ್ಬೊಬ್ಬರಾಗಿ ವಿಚಾರಿಸಿ ಸೇರಿಸಿಕೊಳ್ಳಬಹುದೆಂದೂ, ಬಲಿ ಕೊಟ್ಟವರು ದೀರ್ಘಕಾಲ ಪ್ರಾಯಶ್ಚಿತ್ತದಲ್ಲಿದ್ದು ಮರಣಸಮಯದಲ್ಲಿ ಶಾಂತಿಯನ್ನು ಪಡೆಯತಕ್ಕದ್ದೆಂದೂ ವಿಧಿಸಿತು. ಆದರೆ ಸ್ವಲ್ಪ ಕಾಲದಲ್ಲಿಯೇ ಮತ್ತೊಂದು ಹಿಂಸೆಯ ಮೋಡ ಕವಿಯಲಾಗಿ, ಯುದ್ಧಕ್ಕೆ ಹೋಗಬೇಕಾದವರನ್ನು ನಿರಾಯುಧರಾಗಿ ಕಳುಹಿಸಬಾರದೆಂದು ಅದೇ ಬಿಷಪ್ಪರು ಪಶ್ಚಾತ್ತಾಪಪಟ್ಟವರೆಲ್ಲರನ್ನೂ ಒಟ್ಟಿಗೆ ಬರಮಾಡಿಕೊಂಡರು.

ಇದನ್ನು ಸಹಿಸದವನು ರೋಮಿನ ನೊವಾಶಿಯಾನುಸ್. ವಿದ್ವಾಂಸನೂ ಶುದ್ಧಾಚಾರಿಯೂ ಆದ ಈತನನ್ನು ಕ್ರೂರನೆಂದು ತಳ್ಳಿಬಿಡುವುದು ನ್ಯಾಯವಲ್ಲ. ದೇವರು ಕ್ಷಮಿಸಲಾರನೆಂದು ಅವನೆಂದೂ ಹೇಳಲಿಲ್ಲ. ಕ್ಷಮಿಸಿರುವನೆಂದು ಭೂಮಿಯ ಮೇಲಿನ ಸಭೆಯು ಘೋಷಿಸುವ ಅಧಿಕಾರವನ್ನು ಮಾತ್ರ ನಿರಾಕರಿಸಿದನು. ಅಪರಾಧಿಯು ಅಳಲಿ, ಉಪವಾಸವಿರಲಿ, ಫಲವನ್ನು ಪರಲೋಕದಲ್ಲಿ ಕಾಣಲಿ ಎಂಬುದು ಅವನ ಮತ. ತರ್ಕಕ್ಕೆ ಇದರಲ್ಲಿ ದೋಷವಿಲ್ಲ. ಆದರೆ ತಪ್ಪಿತಸ್ಥನ ಅಂತರಂಗವನ್ನು ಬಲ್ಲವರು ಇದರ ನಿಷ್ಠುರತೆಯನ್ನು ಬಲ್ಲರು. ಕ್ಷಮೆ ಎಲ್ಲಿಯೋ ಇದೆಯೆಂಬ ತಿಳಿವಳಿಕೆ ಬೇರೆ, ಕ್ಷಮೆ ತನಗಾಯಿತೆಂಬ ನೆಮ್ಮದಿ ಬೇರೆ. ಈ ಎರಡರ ನಡುವಣ ಅಂತರವನ್ನು ದಾಟಿಸುವುದಕ್ಕೆ ಕ್ರೈಸ್ತಸಭೆಯು ಶತಮಾನ ಶತಮಾನಗಳಲ್ಲಿ ಕಟ್ಟಿದ, ಕೆಡವಿದ, ಮತ್ತೆ ಕಟ್ಟಿದ ಏರ್ಪಾಡುಗಳ ಕಥೆಯೇ ಪಾಪನಿವೇದನೆಯೆಂಬ ಆಚಾರದ ಇತಿಹಾಸ.

ದೀಕ್ಷಾಸ್ನಾನದಿಂದ ಹಿಂದಿನ ಪಾಪಗಳೆಲ್ಲ ತೊಳೆದುಹೋಗುವುವೆಂಬುದರಲ್ಲಿ ಆದಿಯ ಕ್ರೈಸ್ತರಿಗೆ ಸಂದೇಹವಿರಲಿಲ್ಲ. ತೊಡಕು ಬಂದುದು ಸ್ನಾನವಾದ ಮೇಲೆ ಕಾಲು ಜಾರಿದವರ ವಿಷಯದಲ್ಲಿ. ಎರಡನೆಯ ಶತಮಾನದ ರೋಮಿನಲ್ಲಿ ದಾಸ್ಯದಿಂದ ಬಿಡುಗಡೆ ಹೊಂದಿದ ಹೆರ್ಮಾಸನೆಂಬವನು ತನ್ನ ದರ್ಶನಗಳನ್ನು ಬರೆದಿಟ್ಟು, ಅಂಥವರಿಗೆ ಇನ್ನೊಂದು ಅವಕಾಶವುಂಟು, ಆದರೆ ಒಂದೇ ಒಂದು, ಎಂದು ಸಾರಿದನು. ಕಾರ್ಥೇಜಿನ ತೆರ್ತುಲಿಯಾನುಸನು ಈ ಎರಡನೆಯ ಅವಕಾಶವನ್ನು ಹಡಗು ಒಡೆದವನ ಕೈಗೆ ಸಿಕ್ಕ ಹಲಗೆಗೆ ಹೋಲಿಸಿದನು. ಗೋಣಿಯನ್ನುಟ್ಟು, ಬೂದಿಯಲ್ಲಿ ಹೊರಳಿ, ಹಿರಿಯರ ಪಾದಗಳಿಗೆರಗಿ, ಸೋದರಭಕ್ತರ ಪ್ರಾರ್ಥನೆಯನ್ನು ಯಾಚಿಸುವ ಬಹಿರಂಗ ಪ್ರಾಯಶ್ಚಿತ್ತದ ಚಿತ್ರ ಅವನ ಗ್ರಂಥದಲ್ಲಿದೆ. ಹೀಗೆ ಬರೆದವನೇ ವಯಸ್ಸಾದಂತೆ ಉಗ್ರಪಂಥವೊಂದನ್ನು ಸೇರಿ, ಕೆಲವು ಪಾಪಗಳಿಗೆ ಆ ಹಲಗೆಯೂ ಸಲ್ಲದೆಂದು ವಾದಿಸಿದುದು ದುರ್ದೈವ.

ನಾಲ್ಕನೆಯ ಶತಮಾನದಲ್ಲಿ ಕ್ರೈಸ್ತಧರ್ಮವು ರಾಜಾಶ್ರಯವನ್ನು ಪಡೆದ ಬಳಿಕ ಈ ಪ್ರಾಯಶ್ಚಿತ್ತಕ್ಕೆ ವರ್ಷಗಳ ಲೆಕ್ಕವೂ ಮೆಟ್ಟಿಲುಗಳ ಕ್ರಮವೂ ಬಂದುವು. 325ರ ನಿಕೇಯ ಮಹಾಪರಿಷತ್ತು, ಬಲವಂತವಿಲ್ಲದೆಯೇ ಧರ್ಮವನ್ನು ತೊರೆದು ಮರಳಿದವರಿಗೆ ಮೂರು ವರ್ಷ ಶ್ರೋತೃಗಳ ಸಾಲಿನಲ್ಲಿಯೂ, ಏಳು ವರ್ಷ ಸಾಷ್ಟಾಂಗವೆರಗುವವರ ಸಾಲಿನಲ್ಲಿಯೂ, ಎರಡು ವರ್ಷ ಪ್ರಸಾದಭಾಗವಿಲ್ಲದೆ ಪ್ರಾರ್ಥನೆಯಲ್ಲಿ ಮಾತ್ರವೂ ಇರತಕ್ಕದ್ದೆಂದು ವಿಧಿಸಿತು. ಕಪ್ಪದೋಕಿಯದ ಬೆಸಿಲನು ಕೊಲೆಗಾರನಿಗೆ ಗೊತ್ತುಮಾಡಿದುದು ಇಪ್ಪತ್ತು ವರ್ಷ: ನಾಲ್ಕು ವರ್ಷ ದೇವಾಲಯದ ಬಾಗಿಲಾಚೆ ನಿಂತು, ಒಳಹೋಗುವವರೊಡನೆ ತನಗಾಗಿ ಪ್ರಾರ್ಥಿಸಿರೆಂದು ಗೋಳಿಡಬೇಕು, ಐದು ವರ್ಷ ಉಪದೇಶವನ್ನು ಕೇಳಿ ಹೊರಬರಬೇಕು, ಏಳು ವರ್ಷ ಮೊಣಕಾಲೂರಿರಬೇಕು, ನಾಲ್ಕು ವರ್ಷ ಭಕ್ತರೊಡನೆ ನಿಲ್ಲಬೇಕು, ಆಮೇಲೆ ಪ್ರಸಾದ. ಯುದ್ಧದಲ್ಲಿ ಕೊಂದವರ ಕೈಯೂ ಶುದ್ಧವಲ್ಲವೆಂದು, ಅವರೂ ಮೂರು ವರ್ಷ ಪ್ರಸಾದವನ್ನು ಬಿಟ್ಟಿರುವುದೊಳಿತೆಂದು ಅದೇ ಬೆಸಿಲನ ಸಲಹೆ. ಇದನ್ನು ಪಾಲಿಸಿದ ಸೇನಾಪತಿಗಳು ಬಹಳ ಮಂದಿ ಇದ್ದಂತೆ ತೋರುವುದಿಲ್ಲ. ನಿಕೇಯದಲ್ಲಿ ನೊವಾಶಿಯಾನುಸನ ಪಂಥದ ಬಿಷಪ್ಪನೊಬ್ಬನು ತನ್ನವರ ಕಠಿಣನಿಯಮವನ್ನು ಸಮರ್ಥಿಸಲು, ಚಕ್ರವರ್ತಿ ಕಾನ್‌ಸ್ಟಂಟೈನನು, ಹಾಗಾದರೆ ನೀನೊಬ್ಬನೇ ಏಣಿ ಹಾಕಿಕೊಂಡು ಸ್ವರ್ಗಕ್ಕೆ ಹತ್ತು ಎಂದನೆಂದು ಒಂದು ಐತಿಹ್ಯವುಂಟು. ಮಾತು ಸೊಗಸಾಗಿದೆ, ಹಾಗೆ ನುಡಿದ ಚಕ್ರವರ್ತಿಯಾದರೋ ತನ್ನ ದೀಕ್ಷಾಸ್ನಾನವನ್ನು 337ರ ಮರಣಶಯ್ಯೆಯವರೆಗೂ ಮುಂದೂಡಿದ ಜಾಣ.

ಈ ಕಾಲದ ಅತಿಪ್ರಸಿದ್ಧ ಪ್ರಾಯಶ್ಚಿತ್ತವೂ ಒಬ್ಬ ಚಕ್ರವರ್ತಿಯದೇ. 390ರಲ್ಲಿ ಥೆಸಲೋನಿಕ ನಗರದ ಜನರು ಸೇನಾಧಿಕಾರಿಯೊಬ್ಬನನ್ನು ಕೊಂದರೆಂದು ಕ್ರುದ್ಧನಾದ ಥಿಯೊಡೋಸಿಯುಸನ ಆಜ್ಞೆಯಿಂದ ಸೈನಿಕರು ಸಾವಿರಾರು ನಾಗರಿಕರನ್ನು ಕಡಿದುಹಾಕಿದರು. ಆಜ್ಞೆಯನ್ನು ಹಿಂತೆಗೆದುಕೊಳ್ಳುವ ಓಲೆ ತಡವಾಗಿ ತಲುಪಿತು. ಮಿಲಾನಿನ ಬಿಷಪ್ ಆಂಬ್ರೋಸನು ಏಕಾಂತದಲ್ಲಿ ಪತ್ರ ಬರೆದು, ಈ ರಕ್ತಕ್ಕೆ ಅನುತಾಪ ತೋರಿಸದ ಹೊರತು ನಿನ್ನ ಸನ್ನಿಧಿಯಲ್ಲಿ ಪೂಜೆಯನ್ನು ಅರ್ಪಿಸಲಾರೆನೆಂದು ತಿಳಿಸಿದನು. ದೇವಾಲಯದ ಬಾಗಿಲಲ್ಲಿ ಅರಸನನ್ನು ತಡೆದು ನಿಲ್ಲಿಸುವ ಬಿಷಪ್ಪನ ನಾಟಕೀಯ ದೃಶ್ಯವು ಅನಂತರದ ಲೇಖಕರ ಅಲಂಕಾರ. ನಡೆದುದು ಪತ್ರವ್ಯವಹಾರ, ಮತ್ತು ಅದೇ ಹೆಚ್ಚು ಗಂಭೀರವಾದುದೆಂದು ನನ್ನ ಎಣಿಕೆ. ಚಕ್ರವರ್ತಿಯು ರಾಜಚಿಹ್ನೆಗಳನ್ನು ತೆಗೆದಿಟ್ಟು ಸಭೆಯ ಮುಂದೆ ಅತ್ತು, ಆ ವರ್ಷದ ಕ್ರಿಸ್ಮಸ್ ಹಬ್ಬಕ್ಕೆ ಮರಳಿ ಸೇರಿಕೊಂಡನು. ಮರಣದಂಡನೆಯ ಆಜ್ಞೆಯನ್ನು ಮೂವತ್ತು ದಿನ ತಡೆಹಿಡಿಯತಕ್ಕದ್ದೆಂಬ ಶಾಸನವನ್ನೂ ಇದೇ ಪ್ರಸಂಗಕ್ಕೆ ಇತಿಹಾಸಕಾರ ರುಫೀನುಸನು ಸಂಬಂಧಿಸಿ ಹೇಳುವನು. ಅದು ನಿಜವಾದರೆ, ಕಣ್ಣೀರಿಗಿಂತ ಅದೇ ಮೇಲಾದ ಪ್ರಾಯಶ್ಚಿತ್ತ.

ಸಾಮಾನ್ಯ ಜನರಿಗೆ ಈ ಮಾರ್ಗ ದುಸ್ಸಾಧ್ಯವಾಗಿದ್ದಿತು. ಜೀವಮಾನದಲ್ಲಿ ಒಂದೇ ಸಲ ದೊರೆಯತಕ್ಕ ಅವಕಾಶ. ಅದನ್ನು ಪಡೆದವನು ಪಶ್ಚಿಮದ ನಿಯಮಗಳ ಪ್ರಕಾರ ಆಮೇಲೆ ಸೈನ್ಯಕ್ಕೆ ಸೇರುವಂತಿಲ್ಲ, ಪಾದ್ರಿಯಾಗುವಂತಿಲ್ಲ, ದಾಂಪತ್ಯಸುಖವನ್ನೂ ತೊರೆಯಬೇಕು. ಪರಿಣಾಮವಾಗಿ ಜನರು ಪ್ರಾಯಶ್ಚಿತ್ತವನ್ನು ಮುಪ್ಪಿಗೂ ಮರಣಶಯ್ಯೆಗೂ ಮುಂದೂಡಿದರು. ನಡುಪ್ರಾಯದ ಗೃಹಸ್ಥನೊಬ್ಬನು ತನ್ನ ಹಳೆಯ ತಪ್ಪಿನ ಭಾರವನ್ನು ಹೊತ್ತುಕೊಂಡೇ ಇರಬೇಕಾಯಿತು. ಔಷಧವುಂಟೆಂದು ಅವನು ಬಲ್ಲನು, ಆದರೆ ಅದನ್ನು ಸಾಯುವ ದಿನಕ್ಕೆಂದು ತೆಗೆದಿಟ್ಟಿದ್ದರು. ಪಾಪಗಳನ್ನು ಬರೆಯಿಸಿ ಸಭೆಯಲ್ಲಿ ಗಟ್ಟಿಯಾಗಿ ಓದಿಸುವ ಪದ್ಧತಿಯೂ ಕೆಲವೆಡೆ ಬೆಳೆದಿತ್ತು. 459ರಲ್ಲಿ ರೋಮಿನ ಬಿಷಪ್ ಲಿಯೋ ಅದನ್ನು ನಿಷೇಧಿಸಿ, ಪಾದ್ರಿಯ ಕಿವಿಯಲ್ಲಿ ಗುಟ್ಟಾಗಿ ಹೇಳಿದರೆ ಸಾಕೆಂದು ಬರೆದನು.

ಈ ಕಗ್ಗಂಟನ್ನು ಬಿಡಿಸಿದವರು ಮಹಾಪರಿಷತ್ತುಗಳಲ್ಲ. ಸಾಮ್ರಾಜ್ಯದ ಹೊರಗೆ, ಕಡಲಿನಾಚೆಯ ಐರ್ಲೆಂಡಿನಲ್ಲಿ, ಪಟ್ಟಣಗಳೂ ಇಲ್ಲದ ನಾಡಿನ ಮಠವಾಸಿಗಳು. ಅಲ್ಲಿ ಪ್ರತಿಯೊಬ್ಬ ಸಂನ್ಯಾಸಿಗೂ ತನ್ನ ಒಳಗನ್ನೆಲ್ಲ ಬಿಚ್ಚಿಡಲು ಒಬ್ಬ ಆತ್ಮಬಂಧು ಇರುತ್ತಿದ್ದನು. ಆರನೆಯ ಶತಮಾನದ ಫಿನಿಯನನೂ, 590ರ ಸುಮಾರಿಗೆ ಗಾಲ್ ದೇಶಕ್ಕೆ ಬಂದು ಲಕ್ಸೂಯಿಲಿನಲ್ಲಿ ಮಠವನ್ನು ಕಟ್ಟಿ 615ರಲ್ಲಿ ಇಟಲಿಯ ಬೊಬ್ಬಿಯೋದಲ್ಲಿ ತೀರಿಕೊಂಡ ಕೊಲಂಬಾನುಸನೂ ರಚಿಸಿದ ಪ್ರಾಯಶ್ಚಿತ್ತಸಂಹಿತೆಗಳಲ್ಲಿ ಒಂದೊಂದು ಪಾಪಕ್ಕೆ ಒಂದೊಂದು ವಿಧಿ: ರೊಟ್ಟಿನೀರಿನ ಮೇಲೆ ಇಷ್ಟು ದಿನ, ಇಷ್ಟು ಕೀರ್ತನೆಗಳು, ಇಷ್ಟು ವರ್ಷ ದೇಶತ್ಯಾಗ. ನಮ್ಮ ಧರ್ಮಶಾಸ್ತ್ರಗಳ ಪ್ರಾಯಶ್ಚಿತ್ತಕಾಂಡಗಳನ್ನು ಓದಿದವರಿಗೆ ಈ ಪಟ್ಟಿಗಳು ಅಪರಿಚಿತವಾಗಿ ತೋರಲಾರವು. ಈ ಪದ್ಧತಿಯ ಹೊಸತನವಿದ್ದುದು ಎರಡು ಅಂಶಗಳಲ್ಲಿ. ಎಲ್ಲವೂ ಇಬ್ಬರ ನಡುವೆ ಏಕಾಂತದಲ್ಲಿ ನಡೆಯುತ್ತಿದ್ದಿತು. ಮತ್ತು ಬಿದ್ದಷ್ಟು ಸಲವೂ ಏಳಬಹುದಾಗಿದ್ದಿತು. ಸ್ಪೇನಿನ ತೊಲೇದೋ ಪರಿಷತ್ತು 589ರಲ್ಲಿ, ಬೇಕೆಂದಾಗಲೆಲ್ಲ ಪಾಪಮಾಡಿ ಬೇಕೆಂದಾಗಲೆಲ್ಲ ಕ್ಷಮೆ ಬೇಡುವ ಈ ಆಚಾರವು ಅಸಹ್ಯವೆಂದು ಖಂಡಿಸಿತು. ಖಂಡನೆಯಿಂದ ಪ್ರವಾಹವು ನಿಲ್ಲಲಿಲ್ಲ.

ಈ ಸಂಹಿತೆಗಳು ಒಣಲೆಕ್ಕದ ಪುಸ್ತಕಗಳೆಂದು ನಗುವವರು ಕೊಲಂಬಾನುಸನ ಒಂದು ವಿಧಿಯನ್ನು ನೋಡಬೇಕು. ಕೊಲೆಮಾಡಿದ ಪಾದ್ರಿಯು ಹತ್ತು ವರ್ಷ ದೇಶಭ್ರಷ್ಟನಾಗಿರಬೇಕೆಂದೂ, ಆಮೇಲೆ ಮರಳಿ ಬಂದು ಸತ್ತವನ ತಂದೆತಾಯಿಗಳೆದುರು ನಿಂತು, ಅವರ ಮಗನ ಸ್ಥಾನದಲ್ಲಿ ತಾನಿದ್ದು ಅವರು ಹೇಳಿದುದನ್ನೆಲ್ಲ ಮಾಡುವೆನೆಂದು ಒಪ್ಪಿಸಿಕೊಳ್ಳಬೇಕೆಂದೂ, ಅವರನ್ನು ಸಮಾಧಾನಪಡಿಸದವನು ಕಾಯಿನನಂತೆ ಅಲೆಯುತ್ತಲೇ ಇರಬೇಕೆಂದೂ ಅದು ಹೇಳುತ್ತದೆ. ದೇವರು ಕ್ಷಮಿಸಿದನೆಂದ ಮಾತ್ರಕ್ಕೆ ಮಗನನ್ನು ಕಳೆದುಕೊಂಡ ತಾಯಿಯ ಋಣ ತೀರಿತೇ ಎಂಬ ಪ್ರಶ್ನೆಗೆ ಇಷ್ಟು ನೇರವಾದ ಉತ್ತರವನ್ನು ನಾನು ಅನಂತರದ ದೊಡ್ಡ ದೊಡ್ಡ ಶಾಸ್ತ್ರಗ್ರಂಥಗಳಲ್ಲಿ ಕಂಡಿಲ್ಲ. ಆದರೆ ಅದೇ ಲೆಕ್ಕದ ಬುದ್ಧಿಯು ಧನಿಕರ ಕೈಗೆ ಸಿಕ್ಕಾಗ ಏನಾಯಿತೆಂಬುದಕ್ಕೂ ನಿದರ್ಶನವುಂಟು. ಇಂಗ್ಲೆಂಡಿನ ಎಡ್ಗರ್ ದೊರೆಯ ಹೆಸರಿನಲ್ಲಿ ಬಂದಿರುವ ನಿಯಮಾವಳಿಯೊಂದರಲ್ಲಿ, ಏಳು ವರ್ಷದ ಉಪವಾಸವನ್ನು ಶ್ರೀಮಂತನೊಬ್ಬನು ಮೂರು ದಿನಗಳಲ್ಲಿ ಮುಗಿಸುವ ವಿಧಾನವನ್ನು ವಿವರಿಸಿದೆ: ಮೊದಲು ಹನ್ನೆರಡು ಮಂದಿ ಮೂರು ದಿನ ರೊಟ್ಟಿ, ನೀರು, ಹಸಿ ಸೊಪ್ಪುಗಳ ಮೇಲಿರಬೇಕು, ಬಳಿಕ ಏಳು ಸಲ ನೂರಿಪ್ಪತ್ತು ಮಂದಿ ಮೂರು ದಿನ ಅವನ ಪರವಾಗಿ ಉಪವಾಸವಿರಬೇಕು. ಕೂಡಿಸಿದರೆ 2,556 ಉಪವಾಸಗಳು. ಏಳು ವರ್ಷದ ದಿನಗಳಿಗೆ ಸರಿಹೋಗುತ್ತದೆ, ಅಧಿಕದಿನವೊಂದನ್ನೂ ಬಿಟ್ಟಿಲ್ಲ. ಗಣಿತವು ನಿರ್ದುಷ್ಟ! 829ರಲ್ಲಿಯೇ ಪ್ಯಾರಿಸ್ಸಿನ ಪರಿಷತ್ತು ಇಂಥ ಸಂಹಿತೆಗಳನ್ನು ಹುಡುಕಿ ಸುಡತಕ್ಕದ್ದೆಂದು ಆಜ್ಞಾಪಿಸಿದ್ದುದು ಅಕಾರಣವಾಗಿರಲಿಲ್ಲ.

ಸಾವಿರದ ಇಸವಿಯ ಆಸುಪಾಸಿನಲ್ಲಿ, ಯಾವ ಪರಿಷತ್ತೂ ನಿರ್ಣಯಿಸದೆ, ಯಾರೊಬ್ಬರ ಹೆಸರನ್ನೂ ಹೇಳಲಾಗದಂತೆ ಒಂದು ಮಾರ್ಪಾಟು ನಡೆಯಿತು; ಈ ಆಚಾರದ ಇತಿಹಾಸದಲ್ಲೆಲ್ಲ ಇದಕ್ಕಿಂತ ದೊಡ್ಡದಿಲ್ಲವೆಂದು ನನ್ನ ಮತ. ಅಲ್ಲಿಯವರೆಗೆ ಪಾಪಿಯು ತಪ್ಪನ್ನು ಹೇಳಿಕೊಂಡು, ವಿಧಿಸಿದ ಪ್ರಾಯಶ್ಚಿತ್ತವನ್ನು ಪೂರೈಸಿ, ಬಹುಕಾಲದ ಮೇಲೆ, ಸಾಮಾನ್ಯವಾಗಿ ಪವಿತ್ರ ಗುರುವಾರದಂದು, ಕ್ಷಮಾವಚನವನ್ನು ಪಡೆಯುತ್ತಿದ್ದನು. ದೂರದ ಹಳ್ಳಿಗಳಿಂದ ಬಂದವನು ಮರಳಿ ಬರುವನೋ ಇಲ್ಲವೋ, ಬರುವವರೆಗೆ ಬದುಕಿರುವನೋ ಇಲ್ಲವೋ ಎಂದು ಪಾದ್ರಿಗಳು ನಿವೇದನೆಯಾದ ಕೂಡಲೇ ಕ್ಷಮಾವಚನವನ್ನು ನುಡಿದು, ಪ್ರಾಯಶ್ಚಿತ್ತವನ್ನು ಆಮೇಲೆ ಮಾಡಿಕೊಳ್ಳುವಂತೆ ಕಳುಹಿಸತೊಡಗಿದರು. ಅನುಕೂಲಕ್ಕಾಗಿ ಬಂದ ಈ ಪದ್ಧತಿಯಿಂದ ಎಲ್ಲವೂ ತಲೆಕೆಳಗಾಯಿತು. ಹಿಂದೆ ಮನುಷ್ಯನು ಕ್ಷಮೆಯನ್ನು ಸಂಪಾದಿಸುವುದಕ್ಕಾಗಿ ದುಡಿಯುತ್ತಿದ್ದನು. ಇನ್ನು ಮೇಲೆ ಕ್ಷಮೆಗೊಂಡವನಾಗಿ ದುಡಿಯತಕ್ಕವನಾದನು. ಬೂದಿಯೂ ಕೂಡ ಬಹಿರಂಗ ಪಾಪಿಗಳ ಗುರುತಾಗಿದ್ದುದು ಎಲ್ಲರ ಹಣೆಗೂ ಬಂದಿತು. 1091ರ ಬೆನೆವೆಂತೋ ಪರಿಷತ್ತು ವಿಭೂತಿ ಬುಧವಾರದ ಬೂದಿಯನ್ನು ಸಕಲ ಭಕ್ತರಿಗೂ ವಿಧಿಸಿತು. 1215ರ ನಾಲ್ಕನೆಯ ಲ್ಯಾಟರನ್ ಪರಿಷತ್ತು ಪ್ರತಿಯೊಬ್ಬನೂ ವರ್ಷಕ್ಕೊಮ್ಮೆಯಾದರೂ ತನ್ನ ಪಾದ್ರಿಯಲ್ಲಿ ಪಾಪನಿವೇದನೆ ಮಾಡತಕ್ಕದ್ದೆಂದೂ, ಕೇಳಿದುದನ್ನು ಹೊರಗೆಡಹಿದ ಪಾದ್ರಿಯನ್ನು ಪದಚ್ಯುತನನ್ನಾಗಿಸಿ ಆಜೀವ ಪ್ರಾಯಶ್ಚಿತ್ತಕ್ಕಾಗಿ ಮಠದಲ್ಲಿ ಕೂಡಿಹಾಕತಕ್ಕದ್ದೆಂದೂ ಶಾಸನ ಮಾಡಿತು.

ಕ್ಷಮೆ ಮೊದಲು ಬಂದ ಮೇಲೆ, ಮಾಡದೆ ಉಳಿದ ಪ್ರಾಯಶ್ಚಿತ್ತದ ಗತಿಯೇನು? ಅದು ಬಾಕಿಯ ಸಾಲವಾಗಿ ಮರಣದಾಚೆಯ ಶುದ್ಧೀಕರಣಸ್ಥಳದವರೆಗೂ ಹಿಂಬಾಲಿಸುವುದೆಂದು ಶಾಸ್ತ್ರಕಾರರೆಂದರು. ಆ ಸಾಲಕ್ಕೆ ರಿಯಾಯಿತಿಯ ಪತ್ರಗಳು ಬಂದುವು. ಪತ್ರಗಳಿಗೆ ಬೆಲೆ ಬಂದಿತು. ರೋಮಿನ ಸಂತ ಪೇತ್ರರ ದೇವಾಲಯದ ನಿರ್ಮಾಣಕ್ಕೆಂದು ಜರ್ಮನಿಯಲ್ಲಿ ನಡೆದ ಮಾರಾಟವೂ, 1517ರ ಅಕ್ಟೋಬರ್ 31ರಂದು ಮಾರ್ಟಿನ್ ಲೂಥರನು ಹೊರಡಿಸಿದ 95 ಪ್ರಮೇಯಗಳೂ ಎಲ್ಲರೂ ಬಲ್ಲ ಕಥೆ. ಅದಕ್ಕೂ ಹಿಂದೆ, 1505ರಲ್ಲಿ ಎರ್ಫುರ್ಟಿನ ಮಠವನ್ನು ಸೇರಿದ ತರುಣ ಲೂಥರನು ತನ್ನ ಪಾಪಗಳನ್ನು ಗಂಟೆಗಟ್ಟಲೆ ಹೇಳಿಕೊಂಡು, ಎದ್ದುಹೋಗಿ, ಮರೆತುದೊಂದು ನೆನಪಾಗಿ ಮತ್ತೆ ಬರುತ್ತಿದ್ದನೆಂಬುದು ನಮ್ಮ ವಿಷಯಕ್ಕೆ ಹೆಚ್ಚು ಸಮೀಪವಾದುದು. ಅವನ ಹಿರಿಯನಾದ ಸ್ಟೌಪಿಟ್ಸನು ಬೇಸತ್ತು, ನಿನ್ನ ಮೇಲೆ ದೇವರಿಗೆ ಕೋಪವಿಲ್ಲ, ದೇವರ ಮೇಲೆ ನಿನಗೇ ಕೋಪ, ಎಂಬರ್ಥದ ಮಾತನ್ನಾಡಿ ಅವನ ದೃಷ್ಟಿಯನ್ನು ಕ್ರಿಸ್ತನ ಗಾಯಗಳ ಕಡೆಗೆ ತಿರುಗಿಸಿದನು. ನನ್ನ ಅನುತಾಪ ಸಾಕಷ್ಟು ಆಳವಾಗಿದೆಯೇ ಎಂದು ಅಳೆಯತೊಡಗಿದವನಿಗೆ ಕೊನೆಯಿಲ್ಲ. ಅಳತೆಗೋಲನ್ನೇ ಎಸೆದು, ಕ್ಷಮಿಸಿದೆನೆಂಬ ವಚನವನ್ನು ನಂಬುವುದೊಂದೇ ದಾರಿಯೆಂಬುದು ಲೂಥರನು ಕಂಡುಕೊಂಡ ಬಿಡುಗಡೆ.

ಇತಿಹಾಸವು ಕೆಲವೊಮ್ಮೆ ಕವಿಗಳಿಗಿಂತ ಚಮತ್ಕಾರವಾಗಿ ಸಂಯೋಗಗಳನ್ನು ಹೂಡುತ್ತದೆ. 1522ರ ಮಾರ್ಚ್ 16ರಂದು ವಿಟೆನ್‌ಬರ್ಗಿನ ವೇದಿಕೆಯಿಂದ, ಬಲವಂತದ ಪಾಪನಿವೇದನೆಯನ್ನು ತಾನು ಒಪ್ಪೆನಾದರೂ ಏಕಾಂತದ ನಿವೇದನೆಯನ್ನು ಯಾರೂ ತನ್ನಿಂದ ಕಿತ್ತುಕೊಳ್ಳಲಾಗದು, ಅದರ ಸಾಂತ್ವನವನ್ನು ತಾನು ಬಲ್ಲೆನೆಂದು ಲೂಥರನು ಬೋಧಿಸುತ್ತಿದ್ದನು. ಅದೇ ತಿಂಗಳ ಕೊನೆಯ ಭಾಗದಲ್ಲಿ, ಸ್ಪೇನಿನ ಮೊಂಟ್ಸೆರಾತ್ ಬೆಟ್ಟದ ಮಠದಲ್ಲಿ, ಯುದ್ಧದಲ್ಲಿ ಕಾಲು ಮುರಿದುಕೊಂಡಿದ್ದ ಇಗ್ನಾಸಿಯೊ ಎಂಬ ಯೋಧನು ತನ್ನ ಜೀವಮಾನದ ಪಾಪಗಳನ್ನೆಲ್ಲ ಬರೆದು ಮೂರು ದಿನ ನಿವೇದಿಸಿ, ಖಡ್ಗವನ್ನು ಅಲ್ಲಿಯೇ ಬಿಟ್ಟು ಹೊರಟನು. ಹೊರಟನೇನೋ ನಿಜ, ನೆಮ್ಮದಿ ಬರಲಿಲ್ಲ. ಸಮೀಪದ ಮನ್ರೇಸ ಊರಿನಲ್ಲಿ ತಿಂಗಳುಗಟ್ಟಲೆ, ಹೇಳಿದ ಪಾಪವನ್ನೇ ಮತ್ತೆ ಹೇಳಿ, ಇನ್ನೂ ಏನೋ ಉಳಿಯಿತೆಂದು ಕೊರಗಿ, ಕೊನೆಗೆ ಪ್ರಾಣವನ್ನೇ ನೀಗಿಕೊಳ್ಳುವ ಪ್ರೇರಣೆಯವರೆಗೆ ಹೋದನು. ಒಂದು ವಾರ ಅನ್ನನೀರು ಬಿಟ್ಟನು. ನಿವೇದನೆ ಕೇಳುವ ಪಾದ್ರಿ ಆಜ್ಞಾಪಿಸಿದ ಮೇಲೆ ಉಂಡನು. ಒಂದು ದಿನ, ಕನಸಿನಿಂದ ಎಚ್ಚತ್ತಂತೆ, ಕಳೆದುಹೋದ ಪಾಪಗಳನ್ನು ಇನ್ನೆಂದೂ ನಿವೇದಿಸೆನೆಂದು ನಿಶ್ಚಯಿಸಿದನು. ಅಂದಿನಿಂದ ಆ ಕಾಟ ನಿಂತಿತು. ಯುರೋಪಿನ ಧರ್ಮವನ್ನು ಎರಡಾಗಿ ಸೀಳಿದ ಎರಡು ಪಕ್ಷಗಳ ಮುಖ್ಯಪುರುಷರು ಒಂದೇ ವ್ಯಾಧಿಯಿಂದ ನರಳಿದವರು. ಒಬ್ಬನು ವಚನದಲ್ಲಿಟ್ಟ ನಂಬಿಕೆಯಿಂದ, ಮತ್ತೊಬ್ಬನು ಮರಳಿ ಅಗೆಯೆನೆಂಬ ಸಂಕಲ್ಪದಿಂದ ಗುಣಹೊಂದಿದನು.

ಆ ಬಳಿಕ ಮಿಲಾನಿನ ಕಾರ್ಲೊ ಬೊರೊಮೆಯೋ ಪಾಪನಿವೇದನೆಗೆ ಮರದ ಗೂಡನ್ನು ರೂಪಿಸಿ, ಹೇಳುವವರಿಗೂ ಕೇಳುವವರಿಗೂ ನಡುವೆ ಜಾಲರಿಯನ್ನಿಡಿಸಿದನು. ಸ್ತ್ರೀಯರ ವಿಷಯದಲ್ಲಿ ಅಪವಾದ ಬಾರದಿರಲೆಂಬುದು ಮುಖ್ಯ ಉದ್ದೇಶ. ಹದಿನೇಳನೆಯ ಶತಮಾನದ ಫ್ರಾನ್ಸಿನಲ್ಲಿ ಕ್ಷಮಾವಚನವನ್ನು ತಡೆಹಿಡಿಯಬೇಕೆನ್ನುವ ನಿಷ್ಠುರರು ತಲೆಯೆತ್ತಿದರು. ಸ್ವತಃ ಶಂಕಾಗ್ರಸ್ತಮನಸ್ಸಿನಿಂದ ಜೀವಮಾನವೆಲ್ಲ ನೊಂದ ನೇಪಲ್ಸಿನ ಅಲ್ಫೋನ್ಸೊ ಲಿಗೋರಿ ಅವರೆದುರು ಮಧ್ಯಮಮಾರ್ಗವನ್ನು ಬೋಧಿಸಿದನು. ಈ ವಾದಗಳನ್ನು ಇಲ್ಲಿ ಬೆಳೆಸುವುದು ಬೇಡ.

ಪ್ರಾಟೆಸ್ಟಂಟ್ ಪಕ್ಷದಲ್ಲಿ ಮಾತ್ರ ಒಂದು ಪ್ರಸಂಗವನ್ನು ಬಿಟ್ಟುಹೋಗುವಂತಿಲ್ಲ. ಇಂಗ್ಲಿಷ್ ನಾವಿಕ ಜಾನ್ ನ್ಯೂಟನನು 1748ರ ಮಾರ್ಚಿನಲ್ಲಿ ಅಟ್ಲಾಂಟಿಕ್ ಬಿರುಗಾಳಿಗೆ ಸಿಕ್ಕ ಹಡಗಿನಲ್ಲಿ ದೇವರಿಗೆ ಮೊರೆಯಿಟ್ಟು, ಆ ದಿನವನ್ನು ಜೀವಮಾನವೆಲ್ಲ ಸ್ಮರಿಸುತ್ತ ಬಂದನು. ಕ್ಷಮೆ ದೊರೆತ ಈ ಮನುಷ್ಯನು ಆಮೇಲೆಯೇ, 1750ರಿಂದ 1754ರವರೆಗೆ, ಆಫ್ರಿಕದ ಜನರನ್ನು ಸಂಕಲೆಯಲ್ಲಿ ಸಾಗಿಸುವ ಹಡಗುಗಳ ಕಪ್ತಾನನಾಗಿದ್ದನು. ಮೇಲ್ಗಡೆ ಬೈಬಲ್ ಪಠನ, ಕೆಳಗಡೆ ಸರಪಳಿ. ಸಮುದ್ರವನ್ನು ಬಿಟ್ಟುದು ಅನಾರೋಗ್ಯದಿಂದಲೇ ಹೊರತು ಅನುತಾಪದಿಂದಲ್ಲ. 1764ರಲ್ಲಿ ಓಲ್ನಿಯ ಪಾದ್ರಿಯಾಗಿ, ಕೃಪೆಯನ್ನು ಕೊಂಡಾಡುವ ಗೀತೆಗಳನ್ನು ರಚಿಸಿದ ಮೇಲೂ ಆ ವ್ಯಾಪಾರದ ಕುರಿತು ಬಹಿರಂಗವಾಗಿ ಬಾಯಿತೆರೆಯಲು ಅವನಿಗೆ 1788 ಆಗಬೇಕಾಯಿತು. ಆ ವರ್ಷದ ಅವನ ಕಿರುಹೊತ್ತಗೆಯಲ್ಲಿ ಮೆರುಗಿಲ್ಲ, ಸಮರ್ಥನೆಯಿಲ್ಲ. ಬೆರಳು ಹಿಂಡುವ ಯಂತ್ರಗಳನ್ನೂ ಹಡಗಿನ ಒಳಮಾಳಿಗೆಯ ಇಕ್ಕಟ್ಟನ್ನೂ ಕಂಡವನ ಸಾಕ್ಷ್ಯವಿದೆ, ತಡವಾಗಿ ಹೇಳುತ್ತಿರುವೆನೆಂಬ ಒಪ್ಪಿಗೆಯಿದೆ. ಪಾರ್ಲಿಮೆಂಟಿನ ಸಮಿತಿಯ ಮುಂದೆಯೂ ಸಾಕ್ಷಿ ನುಡಿದನು. ಆ ವ್ಯಾಪಾರವನ್ನು ನಿಷೇಧಿಸುವ ಕಾಯಿದೆ ಅಂಗೀಕೃತವಾದ 1807ರ ಡಿಸೆಂಬರಿನಲ್ಲಿಯೇ ತೀರಿಕೊಂಡನು. ಕ್ಷಮೆ ಮೊದಲು, ಪ್ರಾಯಶ್ಚಿತ್ತ ಆಮೇಲೆ, ಎಂಬ ಕ್ರಮದ ಬೆಳಕನ್ನೂ ಕತ್ತಲೆಯನ್ನೂ ಒಟ್ಟಿಗೆ ಕಾಣಬೇಕಾದರೆ ಇವನ ನಡುವಿನ ನಲವತ್ತು ವರ್ಷಗಳನ್ನು ನೋಡಬೇಕು. ಓಲ್ನಿಯಲ್ಲಿ ಇವನೊಡನೆ ಗೀತೆ ರಚಿಸಿದ ಕವಿ ವಿಲಿಯಂ ಕೂಪರನೋ, ಹೇಳಿಕೊಳ್ಳುವಂಥ ಯಾವ ಅಪರಾಧವನ್ನೂ ಮಾಡದವನು, 1773ರಿಂದ ತಾನು ದೇವರಿಂದ ಪರಿತ್ಯಕ್ತನೆಂದೇ ನಂಬಿ, ದೇವಾಲಯಕ್ಕೆ ಕಾಲಿಡದೆ, ಅದೇ ನಂಬಿಕೆಯಲ್ಲಿ 1800ರಲ್ಲಿ ಸತ್ತನು. ಕ್ಷಮೆಯ ನೆಮ್ಮದಿಯು ಅಪರಾಧದ ಪ್ರಮಾಣವನ್ನು ನೋಡಿ ಬರುವುದಿಲ್ಲವೆಂಬುದಕ್ಕೆ ಈ ಇಬ್ಬರು ಗೆಳೆಯರಿಗಿಂತ ಬೇರೆ ಸಾಕ್ಷಿ ಬೇಡ.

ಈ ಆಚಾರದ ಹಳೆಯ ಪ್ರಶ್ನೆ, ಕಾರ್ಥೇಜಿನಲ್ಲಿ ಎದ್ದ ರೂಪದಲ್ಲಿಯೇ, ಕಾವೇರಿಯ ದಡದಲ್ಲಿಯೂ ಒಮ್ಮೆ ಎದ್ದಿತು. ಎರಡನೆಯ ಮೈಸೂರು ಯುದ್ಧದಲ್ಲಿ ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ ಟಿಪ್ಪು ಸುಲ್ತಾನನು ಕರಾವಳಿಯ ಕಥೋಲಿಕರನ್ನು 1784ರಲ್ಲಿ ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ಮಂಗಳೂರಿನವರ ಸ್ಮರಣೆಯಲ್ಲಿ ಆ ದಿನ ವಿಭೂತಿ ಬುಧವಾರ. ಅವರ ಸಂಖ್ಯೆಯನ್ನೂ ಸುಲ್ತಾನನ ಉದ್ದೇಶಗಳನ್ನೂ ಕುರಿತು ಇತಿಹಾಸಕಾರರಲ್ಲಿ ವಿವಾದವುಂಟು. ಅದು ಬೇರೆಯೇ ಪ್ರಬಂಧದ ವಸ್ತು. ಸೆರೆಯಲ್ಲಿ ಬಹುಮಂದಿ ಮತಾಂತರಕ್ಕೆ ಒಳಗಾದರು. 1799ರಲ್ಲಿ ಪಟ್ಟಣವು ಬಿದ್ದ ಮೇಲೆ, ಚದರಿದ ಕ್ರೈಸ್ತರನ್ನು ಕೂಡಿಸಲು ಬಂದವರು, 1792ರಲ್ಲಿ ಕ್ರಾಂತಿಯ ಫ್ರಾನ್ಸನ್ನು ಬಿಟ್ಟು ಭಾರತಕ್ಕೆ ಹೊರಟಿದ್ದ ಅಬ್ಬೆ ದುಬುವಾ ಪಾದ್ರಿಗಳು. ಹಿಂದೂಗಳ ಆಚಾರವ್ಯವಹಾರಗಳ ಗ್ರಂಥದಿಂದ ಹೆಸರಾದ ಇವರೇ ನಮ್ಮ ಸೀಮೆಯ ಜನರ ಬಾಯಲ್ಲಿ ದೊಡ್ಡ ಸ್ವಾಮಿಯವರು.

ದುಬುವಾ ಅವರು ಲಂಡನಿನಲ್ಲಿ 1823ರಲ್ಲಿ ಪ್ರಕಟವಾದ ತಮ್ಮ ಪತ್ರಗಳಲ್ಲಿ ಈ ಜನರನ್ನು ಕುರಿತು ಬರೆಯುವಾಗ ಸಿಪ್ರಿಯಾನುಸನಿಗಿಂತಲೂ ಕಠೋರರು. ಇಷ್ಟು ಸಾವಿರ ಮಂದಿಯಲ್ಲಿ ಹುತಾತ್ಮನಾಗುವ ಧೈರ್ಯ ಒಬ್ಬನಿಗೂ ಇರಲಿಲ್ಲವಲ್ಲಾ ಎಂದು ಅವರು ಹಳಿಯುವರು. ಕ್ರಾಂತಿಯ ಕತ್ತಿಯಿಂದ ತಪ್ಪಿಸಿಕೊಂಡು ಕಡಲು ದಾಟಿದವರು ಈ ಮಾತನ್ನು ಸ್ವಲ್ಪ ಮೆತ್ತಗೆ ಹೇಳಬಹುದಾಗಿತ್ತೆಂದು ಓದುಗನಿಗೆ ತೋರಿದರೆ ತಪ್ಪಿಲ್ಲ. ಆದರೆ ಅದೇ ಪುಟದಲ್ಲಿ ಮತ್ತೊಂದು ಸಂಗತಿಯುಂಟು: ಹಾಗೆ ಬಿದ್ದವರಲ್ಲಿ ಹೆಚ್ಚಿನವರು, ತಾವು ಬಾಹ್ಯದಲ್ಲಿ ಮಾತ್ರ ಮಣಿದೆವು, ಹೃದಯದಲ್ಲಿ ಕ್ರಿಸ್ತನನ್ನು ಬಿಟ್ಟಿರಲಿಲ್ಲವೆಂದು ಹೇಳಿಕೊಂಡು ಪುನಃ ಸಭೆಯನ್ನು ಸೇರಿದರು, ಅವರಲ್ಲಿ ತಾವು ಕಂಡವರೇ ಸುಮಾರು 2,000 ಮಂದಿ, 20,000ದಷ್ಟು ಜನ ಮಂಗಳೂರಿನ ಕಡೆಗೆ ಹಿಂದಿರುಗಿ ತಮ್ಮ ಗುಡಿಗಳನ್ನು ಮತ್ತೆ ಕಟ್ಟಿಕೊಂಡರು. ಕಾರ್ಥೇಜಿನಲ್ಲಿ ಚೀಟಿ ಕೊಂಡವರು ಒಡ್ಡಿದ ಅದೇ ವಾದ, ಹದಿನೈದೂವರೆ ಶತಮಾನಗಳ ಮೇಲೆ! ಅಲ್ಲಿ ಆ ವಾದವನ್ನು ಕೇಳಿ ಬಿಷಪ್ಪನು ಒಂದು ಗ್ರಂಥವನ್ನೇ ಬರೆದನು, ಪರಿಷತ್ತುಗಳು ಕೂಡಿದುವು, ರೋಮಿನಲ್ಲಿ ಸಭೆಯೇ ಒಡೆಯಿತು. ದುಬುವಾ ಅವರ ಪತ್ರದಲ್ಲಿ ಅದಕ್ಕೆ ಸಂದಿರುವುದು ಎರಡು ಮೂರು ವಾಕ್ಯಗಳು. ಅಷ್ಟು ಬರೆದು ಅವರು ಭಾರತದಲ್ಲಿ ಮತಪ್ರಚಾರದ ನಿಷ್ಫಲತೆಯನ್ನು ಕುರಿತ ತಮ್ಮ ಮುಖ್ಯ ವಾದಕ್ಕೆ ಮರಳುತ್ತಾರೆ.